ಕಿಸೆಯ ಚಾಕುವೂ ಅದರ ಮರದ ಹಿಡಿಕೆಯೂ

ಆಯುಧಗಳ ಇತಿಹಾಸವನ್ನು ಬರೆಯುವವರು ಬಹುಕಾಲದಿಂದಲೂ ಅಲಗಿನ ಮಾತನ್ನೇ ಆಡುತ್ತ ಬಂದಿರುವರು. ಯಾವ ಅರಸನು ಎಂಥ ಖಡ್ಗವನ್ನು ಧರಿಸಿದ್ದನು, ಅದರ ಉಕ್ಕು ಎಲ್ಲಿಯದು, ಅದಕ್ಕೆ ಕೊಟ್ಟ ನೀರು ಎಂಥದು ಎಂಬ ಚರ್ಚೆಯು ಗ್ರಂಥಗಳಲ್ಲಿ ಬೇಕಾದಷ್ಟುಂಟು. ಹಿಡಿಕೆಯ ವಿಷಯವಾಗಿ ಮಾತ್ರ ಒಂದೆರಡು ಸಾಲು ಬರೆದು ಮುಂದೆ ಸಾಗುವದು ರೂಢಿ. ಆದರೆ ಅಲಗು ಕಮ್ಮಾರನ ಸೃಷ್ಟಿಯಾದರೆ ಹಿಡಿಕೆಯು ಬಹುಮಟ್ಟಿಗೆ ಒಡೆಯನ ಆಯ್ಕೆಯು. ಮರ ಯಾವದು, ದಪ್ಪವೆಷ್ಟು, ಹಿತ್ತಾಳೆಯ ಬಳೆ ಒಂದೋ ಎರಡೋ ಎಂಬದನ್ನು ಅಂಗೈಯ ಅಳತೆ, ಮನದ ಒಲವು, ಗಂಟಿನಲ್ಲಿಯ ಹಣ ಇವು ಮೂರೂ ಕೂಡಿಯೇ ನಿರ್ಣಯಿಸುವವು.

ಪೇಟೆಯಲ್ಲಿ ಸಿಗುವ ಮಡಿಸುವ ಚಾಕುವನ್ನು ಕೊಂಡು ತಂದು, ಅದರ ಪ್ಲಾಸ್ಟಿಕ್ಕಿನ ಪಕ್ಕೆಗಳನ್ನು ಕಳಚಿ, ತಾವೇ ಆಯ್ದು ಕೊರೆದು ತಿಕ್ಕಿದ ಮರದ ಪಕ್ಕೆಗಳನ್ನು ಕೂಡಿಸುವ ಹವ್ಯಾಸವೊಂದು ಇತ್ತೀಚೆಗೆ ಕೆಲವರಲ್ಲಿ ಬೆಳೆದಿರುವದು. ಇದನ್ನು ಪರದೇಶದ ಗೀಳೆಂದು ನಕ್ಕುಬಿಡುವವರುಂಟು. ಆ ನಗೆಯು ಸರಿಯೋ ತಪ್ಪೋ ಎಂಬದನ್ನು ನಿರ್ಣಯಿಸುವ ಮುನ್ನ ನಮ್ಮ ಸೀಮೆಯ ಇತಿಹಾಸಕ್ಕೆ ಒಂದು ಪ್ರಶ್ನೆಯನ್ನು ಹಾಕಬೇಕಾಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಪ್ರದೇಶದಲ್ಲಿ ಕಬ್ಬಿಣದ ಗುಡ್ಡವಿತ್ತು, ಕಡೆಯುವ ಕೈಗಳಿದ್ದವು, ಗಟ್ಟಿ ಮರಗಳಿಗೂ ಕೊರತೆಯಿರಲಿಲ್ಲ. ಹೀಗಿದ್ದೂ ಕೊಡಗಿನ ಪೀಚೆಕತ್ತಿಯಂತೆ, ಉತ್ತರ ಹಿಂದುಸ್ಥಾನದ ರಾಂಪುರಿ ಚಾಕುವಿನಂತೆ, ನಾಡಿನ ಹೆಸರನ್ನು ಹೊತ್ತ ಸಿಂಗಾರದ ಚಾಕು ನಮ್ಮಲ್ಲಿ ಏಕೆ ಉಳಿಯಲಿಲ್ಲ?

ಮೊದಲು ಶಬ್ದಗಳನ್ನು ನೋಡೋಣ. ಕತ್ತಿಯೆಂಬದು ನಮ್ಮ ನೆಲದ ದ್ರಾವಿಡ ಶಬ್ದ. ಹಳಗನ್ನಡದ ಸುರಿಗೆಯು ಸಂಸ್ಕೃತದ ಛುರಿಕೆಯ ತದ್ಭವ. ಇಂದಿನ ಚೂರಿಯೂ ಅದೇ ಮನೆತನದ್ದು. ಚಾಕು ಮಾತ್ರ ತುರ್ಕಿಯಿಂದ ಪಾರಸಿಗೆ ಬಂದು, ಆ ಮಾರ್ಗವಾಗಿ ದಖ್ಖಣಕ್ಕೆ ಇಳಿದ ಶಬ್ದ. ಈ ಶಬ್ದಗಳ ಸಂಗಡ ವಸ್ತುವಿನ ಸ್ಥಾನವೂ ಬದಲಾಯಿತು. ಸುರಿಗೆಯು ನಡುಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ನಮ್ಮ ಊರಬಾಗಿಲು, ಗುಡಿಯಂಗಳಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಚಾಕುವಾದರೋ ಮೊದಲು ಚಂಚಿಯನ್ನು, ಆಮೇಲೆ ಕಿಸೆಯನ್ನು ಸೇರಿ ಮರೆಯಾಯಿತು. ಕಾಣುವ ವಸ್ತುವಿಗೆ ಸಿಂಗಾರ ಹೆಚ್ಚು, ಕಾಣದ್ದಕ್ಕೆ ಕಡಿಮೆ ಎಂಬ ಲೋಕದ ನಿಯಮವು ಇಲ್ಲಿಯೂ ಸ್ವಲ್ಪಮಟ್ಟಿಗೆ ನಡೆದಿರಬಹುದು.

ಆಯುಧದಲ್ಲಿ ವಿನೋದವನ್ನು ಕಾಣುವದು ಈ ನೆಲಕ್ಕೆ ಹೊಸದಲ್ಲ. ಪುಲಿಗೆರೆಯೂ ಲೊಕ್ಕಿಗುಂಡಿಯೂ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳ ಪ್ರಕರಣವು ಶಸ್ತ್ರವಿನೋದದಿಂದಲೇ ಮೊದಲಾಗುವದು. ಅದು ಅರಸರ ವಿನೋದವೆಂಬದೇನೋ ನಿಜ. ಆದರೆ ಅರಸರಿಗೆ ಮಾಡಿಕೊಡುವ ಕೈಗಳು ಪ್ರಜೆಗಳವೇ ಆಗಿದ್ದವಷ್ಟೆ. ಲಕ್ಕುಂಡಿಯ ಕಾಶಿವಿಶ್ವನಾಥನ ಗುಡಿಯಲ್ಲಿಯೂ ಗದಗಿನ ತ್ರಿಕೂಟೇಶ್ವರನ ಆವರಣದ ಸರಸ್ವತಿ ಗುಡಿಯಲ್ಲಿಯೂ ಇರುವ ಕಂಬಗಳನ್ನು ನೋಡಿರಿ. ಬಳಪದ ಕಲ್ಲನ್ನು ತಿರುಗಿಸಿ ಉಳಿ ಹಿಡಿದು ಕಡೆದ ಆ ಬಳೆಗಳ ಮೇಲಿನ ಬಳೆಗಳು, ಅಂಚಿನ ಆ ಚೂಪು, ನಡುವಿನ ಆ ಉಬ್ಬು ಇವೆಲ್ಲವೂ ನಮ್ಮ ಮನೆಗಳ ಲಟ್ಟಣಿಗೆಯಲ್ಲಿ, ತೊಟ್ಟಿಲಿನ ಗೂಟದಲ್ಲಿ, ಕಡೆದ ಹಿಡಿಕೆಯಲ್ಲಿ ಸಣ್ಣ ಪ್ರಮಾಣದಿಂದ ಈಗಲೂ ಕಾಣುವವು. ಕಲ್ಲು ಕಡೆಯುವವನೂ ಮರ ಕಡೆಯುವವನೂ ಒಂದೇ ಉಪಾಯವನ್ನು ಬಲ್ಲವರು.

ಇನ್ನು ಕಬ್ಬಿಣದ ಮಾತು. ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಹಬ್ಬಿರುವ ಕಪ್ಪತಗುಡ್ಡದ ಕೆಂಗಲ್ಲು ಕಬ್ಬಿಣದ ಅದಿರೆಂಬದು ಎಲ್ಲರಿಗೂ ತಿಳಿದದ್ದೆ. ಇದ್ದಲಿಯ ಒಲೆಯಲ್ಲಿ ಅದಿರನ್ನು ಕರಗಿಸುವ ಕಸಬು ದಖ್ಖಣದಲ್ಲೆಲ್ಲ 19ನೆಯ ಶತಮಾನದಲ್ಲಿ ಕುಗ್ಗಿತು. ಕಟ್ಟಿಗೆ ತುಟ್ಟಿಯಾಯಿತು, ಹಡಗಿನಲ್ಲಿ ಬಂದ ವಿಲಾಯತಿಯ ಕಬ್ಬಿಣ ಅಗ್ಗವಾಯಿತು. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ಪಂಡಿತನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಮುಂಬಯಿಯಿಂದ ಕಳಿಸಲ್ಪಟ್ಟಿದ್ದ ‘ವೂಟ್ಜ್’ ಎಂಬ ಲೋಹದ ಕುರಿತು ಪ್ರಬಂಧವನ್ನೋದಿದನು. ಈ ವೂಟ್ಜ್ ನಮ್ಮ ‘ಉಕ್ಕು’ ಎಂಬ ಶಬ್ದದ ಅಪಭ್ರಂಶವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು. ಅದರ ಗುಣವನ್ನು ಪರೀಕ್ಷಿಸುವದಕ್ಕಾಗಿ ಸ್ಟೋಡಾರ್ಟ್ ಎಂಬ ಲಂಡನ್ನಿನ ಕುಶಲಕರ್ಮಿಯು ಮಾಡಿದ ವಸ್ತು ಯಾವದು? ಖಡ್ಗವಲ್ಲ, ಈಟಿಯಲ್ಲ, ಲೇಖಣಿ ಚೂಪು ಮಾಡುವ ಒಂದು ಸಣ್ಣ ಚಾಕು! ಆ ಉಕ್ಕು ಕಪ್ಪತಗುಡ್ಡದ್ದೆಂದು ನಾನು ಹೇಳುತ್ತಿಲ್ಲ. ಕನ್ನಡ ಹೆಸರಿನ ಉಕ್ಕು ವಿಲಾಯತಿಗೆ ಹೋಗಿ ಕಿಸೆಯ ಚಾಕುವಾದ ಒಂದು ಶತಮಾನದೊಳಗೆ, ವಿಲಾಯತಿಯ ಶೆಫೀಲ್ಡಿನಲ್ಲಿ ತಯಾರಾದ ಚಾಕುಗಳು ನಮ್ಮ ದೇಶದ ಪೇಟೆಗಳನ್ನು ತುಂಬಿದವೆಂಬದಷ್ಟೇ ನನ್ನ ಮಾತು. 1884ರಲ್ಲಿ ಗದಗಿಗೆ ರೇಲ್ವೆ ಬಂದ ಮೇಲೆ ಇಲ್ಲಿಯ ಅರಳೆ ಹೊರಗೆ ಹೋಗುವದೂ ಹೊರಗಿನ ಸಾಮಾನು ಒಳಗೆ ಬರುವದೂ ಬಹು ಸುಲಭವಾಯಿತು.

ಚಾಕುವನ್ನು ಬೇಡುವ ಮನೆಗಳಾದರೂ ಯಾವವು? ಮೊದಲನೆಯದಾಗಿ ಬರೆಯುವವರ ಮನೆಗಳು. ತಾಳೆಗರಿಯ ಕಾಲದಲ್ಲಿ ಕಂಟದ ಜೊತೆಗೆ ಗರಿಯನ್ನು ಒಪ್ಪ ಮಾಡುವ ಸಣ್ಣ ಅಲಗೊಂದು ಬೇಕಾಗುತ್ತಿತ್ತು. ಇವೆರಡೂ ಒಂದೇ ಹಿಡಿಕೆಯೊಳಗೆ ಮಡಿಚಿಕೊಳ್ಳುವಂಥ ಸಾಧನಗಳು ದಕ್ಷಿಣದೇಶದ ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುವವು. ಕಾಗದದ ಕಾಲದಲ್ಲಿ ಕುಲಕರ್ಣಿಯ ಬೋರಿನ ಲೇಖಣಿಯನ್ನು ದಿನಕ್ಕೆ ಹಲವು ಸಾರೆ ಹೆರೆಯಬೇಕಾಗುತ್ತಿತ್ತು. ಉಕ್ಕಿನ ಮೊನೆಯ ಲೇಖಣಿ ಬಂದ ಮೇಲೆ ಆ ಕೆಲಸವು ಹೋಗಿ, ಚಾಕು ಅಡಿಕೆ, ಹಣ್ಣು, ದಾರ, ಪೆನ್ಸಿಲ್ಲುಗಳಿಗೆ ಉಳಿಯಿತು.

ಈಗ ನಮ್ಮ ಪ್ರಶ್ನೆಯ ಮರ್ಮಕ್ಕೆ ಬರೋಣ. 1857ರ ಗದ್ದಲವೆದ್ದ ಕೂಡಲೆ ಸರಕಾರವು ಆ ವರ್ಷದ 28ನೆಯ ಕಾಯದೆಯನ್ನು ಪಾಸು ಮಾಡಿತು. ಇದೇ ಜನರ ಬಾಯಲ್ಲಿ ನಿಃಶಸ್ತ್ರೀಕರಣದ ಕಾಯದೆ. ಈ ಕಾಯದೆಯು ನಮ್ಮ ಕರ್ನಾಟಕದ ಉತ್ತರಭಾಗಕ್ಕೆ ತಟ್ಟಿದಷ್ಟು ನೇರವಾಗಿ ಬೇರೆಡೆಗೆ ತಟ್ಟಿದ್ದು ಅಪರೂಪ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲೆವೆಂದು 1857ರ ನವೆಂಬರದಲ್ಲಿ ಎದುರುನಿಂತರು. ಊರು ಸುಡಲ್ಪಟ್ಟಿತು, ಹಿಡಿಯಲ್ಪಟ್ಟವರಲ್ಲಿ 19 ಜನರು ಡಿಸೆಂಬರದಲ್ಲಿ ಗಲ್ಲಿಗೇರಿದರು. ಆ ಸಂಗತಿಯನ್ನು ಹಾಡುವ ಲಾವಣಿಯನ್ನು ಫ್ಲೀಟ್ ಸಾಹೇಬನು ಸಂಗ್ರಹಿಸಿ ಪ್ರಕಟಿಸಿದ್ದು ಬಲ್ಲವರಿಗೆ ಗೊತ್ತು. ಆದರೆ ಅದರ ಅಂಕಿತದಲ್ಲಿರುವ ಕುರ್ತಕೋಟಿಯ ಕಲ್ಮೇಶನು ನಮ್ಮ ಗದಗ ತಾಲೂಕಿನ ದೇವರೆಂಬದನ್ನು ನಮ್ಮವರೇ ಅನೇಕರು ಲಕ್ಷಿಸಿದಂತಿಲ್ಲ. ಆಯುಧ ಕಳೆದುಕೊಂಡ ದುಃಖದ ಹಾಡು ಈ ಸೀಮೆಯ ದೇವರ ಹೆಸರಿನಲ್ಲಿ ಹುಟ್ಟಿತೆಂಬದು ನನಗೆ ಅರ್ಥವತ್ತಾಗಿ ಕಾಣುವದು.

ಅದರ ಮುಂದಿನ ವರ್ಷ ಮುಂಡರಗಿಯ ಸರದಿ. ಮುಂಡರಗಿಯ ಭೀಮರಾಯನು ಕಂಪನಿಯ ನೌಕರಿಯಲ್ಲಿದ್ದು ಅದರಿಂದ ಹೊರಬಿದ್ದವನು. ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು 1858ರ ಮೇ ತಿಂಗಳಲ್ಲಿ ಸರಕಾರಕ್ಕೆ ಹತ್ತಿದಾಗ, ಅವನು ಕಾವಲಿನವರ ಮೇಲೆ ಬಿದ್ದು, ಡಂಬಳದ ಖಜಾನೆಯನ್ನು ಸುಲಿದು, ಕೊಪ್ಪಳದ ಕೋಟೆಯನ್ನು ಹೊಕ್ಕನು. ಜೂನ್ 1ನೆಯ ತಾರೀಖಿಗೆ ಕೋಟೆ ಬಿದ್ದಿತು. ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬನ ಕಥೆಯೂ ಮುಗಿಯಿತು. ಈ ಬಂಡಾಯದ ಕಾರಣಗಳು ಅನೇಕವಿದ್ದವು. ಆದರೆ ಕಿಡಿ ಬಿದ್ದದ್ದು ಬಚ್ಚಿಟ್ಟ ಆಯುಧಗಳ ರಾಶಿಗೇ ಎಂಬದನ್ನು ಮರೆಯಲಾಗದು.

ಆಗ ಗದಗ, ಮುಂಡರಗಿಗಳು ಇಂಗ್ರೇಜರ ಖಾಲಸಾ ಸೀಮೆ. ಶಿರಹಟ್ಟಿ ಸಾಂಗಲಿಯ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು, ಮತ್ತು 1948ರ ಮಾರ್ಚದ ವಿಲೀನೀಕರಣದ ವರೆಗೂ ಹಾಗೆಯೇ ಇದ್ದವು. ಸಂಸ್ಥಾನದ ಸೀಮೆಯೆಂದು ಆಯುಧಗಳನ್ನು ಬಿಟ್ಟಿರಲಿಲ್ಲವೆಂಬದಕ್ಕೆ ಹಲಗಲಿಯೇ ಸಾಕ್ಷಿಯಾಗಿದೆ. ಮುಂದೆ 1878ರ ಶಸ್ತ್ರಗಳ ಕಾಯದೆಯು ಬಂದೂಕು, ಖಡ್ಗ, ಬಾಕು, ಈಟಿ, ಬಿಲ್ಲುಬಾಣಗಳನ್ನು ಹೆಸರಿಸಿ ಪರವಾನಿಗೆಯ ಕಟ್ಟಿಗೆ ತಂದಿತು.

ಕಿಸೆಯ ಚಾಕುವನ್ನು ಯಾವ ಫೌಜುದಾರನೂ ಕೇಳಿರಲಾರನು. ಹಾಗಾದರೆ ಅದಕ್ಕೂ ಈ ಕಾಯದೆಗೂ ಸಂಬಂಧವೇನೆಂದು ವಾಚಕರು ಕೇಳಬಹುದು. ನನ್ನ ತರ್ಕ ಹೀಗಿದೆ: ಬಾಕು, ಕಠಾರಿಗಳಿಗೆ ಹಿಡಿಕೆ ಕೂಡಿಸುವ ಕಸಬಿನವನೇ ಸಣ್ಣ ಚಾಕುವಿಗೂ ಕೂಡಿಸತಕ್ಕವನು. ಅವನಿಗೆ ಒಳ್ಳೆಯ ಸಂಭಾವನೆ ಬರುತ್ತಿದ್ದದ್ದು ಬಾಕಿನಿಂದ. ಚಾಕು ಅದರ ಮಗ್ಗುಲಿನ ಚಿಲ್ಲರೆ ಕೆಲಸ. ದೊಡ್ಡ ಕೆಲಸವು ಕಾಯದೆಯಿಂದ ನಿಂತಿತು, ಚಿಲ್ಲರೆ ಕೆಲಸವನ್ನು ಶೆಫೀಲ್ಡು ಕಸಿದುಕೊಂಡಿತು. ಕಸಬು ಉಳಿಯಬೇಕಾದದ್ದು ಯಾತರ ಮೇಲೆ? ಕುಡಗೋಲು, ಕೊಡಲಿ, ಕುರ್ಚಿಗೆಗಳ ಮೇಲೆ. ಅಲ್ಲಿ ಹಿಡಿಕೆ ಗಟ್ಟಿಯಾಗಿರಬೇಕೇ ಹೊರತು ಚೆಂದವಾಗಿರಬೇಕೆಂದು ಕೇಳುವವರಿಲ್ಲ.

ಈ ತರ್ಕಕ್ಕೆ ಬಲ ಬರುವದು ಕೊಡಗಿನಿಂದ. 1834ರಲ್ಲಿ ಇಂಗ್ರೇಜರ ಕೈಸೇರಿದ ಆ ಸಣ್ಣ ನಾಡು 1857ರಲ್ಲಿ ಸರಕಾರದ ಪಕ್ಷವನ್ನು ಬಿಡಲಿಲ್ಲ. ಅದಕ್ಕೆ ಪ್ರತಿಫಲವೆಂದು ಕಮಿಶನರ್ ಮಾರ್ಕ್ ಕಬ್ಬನ್ನನು 1861ರ ಫೆಬ್ರುವರಿ 26ರಂದು ನಿಃಶಸ್ತ್ರೀಕರಣದ ಕಾಯದೆಯು ಕೊಡಗರಿಗೆ ಅನ್ವಯಿಸುವದಿಲ್ಲವೆಂದು ಸಾರಿದನು. ಆ ವಿನಾಯಿತಿಯು ರೂಪಾಂತರ ಹೊಂದುತ್ತ ಇಂದಿಗೂ ನಡೆದಿದೆ. ಬಂದೂಕುಗಳ ಮಟ್ಟಿಗೆ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಲಾಯಿತು. ನಮ್ಮ ಸೀಮೆಯು ಕಳೆದುಕೊಂಡದ್ದೂ ಕೊಡಗು ಉಳಿಸಿಕೊಂಡದ್ದೂ ಒಂದೇ ಕಾಯದೆಯ ಎರಡು ಮಗ್ಗುಲುಗಳು. ಇದರಲ್ಲಿ ಯಾರನ್ನು ಹೊಗಳುವದೂ ತೆಗಳುವದೂ ನನ್ನ ಉದ್ದೇಶವಲ್ಲ. ಫಲವೇನಾಯಿತೆಂಬದನ್ನು ಮಾತ್ರ ನೋಡಬೇಕು.

ಕೊಡವರ ಉಡುಪಿನಲ್ಲಿ ಕಪ್ಪು ಕುಪ್ಯದ ಮೇಲೆ ಕೆಂಪು ರೇಶ್ಮೆಯ ಚೇಲೆಯನ್ನು ಸುತ್ತಿ, ಮುಂಭಾಗದಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುವರು. ಅಗಲವಾದ ಬಾಗಿದ ಒಡಿಕತ್ತಿಯು ಬೆನ್ನ ಹಿಂದಿನ ಹಿತ್ತಾಳೆಯ ತೊಡಂಗಿನಲ್ಲಿ ತೂಗುವದು. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿ ಬೇಕೇಬೇಕು. ಪೀಚೆಕತ್ತಿಯ ಅಲಗಿನಿಂದ ಇಂದು ಯಾವ ಕೆಲಸವೂ ನಡೆಯುವದಿಲ್ಲವೆಂದರೂ ಸಲ್ಲುವದು. ಅದರ ಸೌಂದರ್ಯವೆಲ್ಲ ಹಿಡಿಕೆಯಲ್ಲಿಯೂ ಒರೆಯಲ್ಲಿಯೂ ಇರುವದು. ಕರಿಯ ಮರ, ದಂತ, ಬೆಳ್ಳಿ, ಬಂಗಾರಗಳು ಅಂಗೈಯಗಲದೊಳಗೆ ಒಂದನ್ನೊಂದು ತಬ್ಬಿ ನಿಂತಿರುವದನ್ನು ನೋಡಿದರೆ, ಕಮ್ಮಾರ, ಬಡಿಗ, ಅಕ್ಕಸಾಲಿ ಈ ಮೂವರ ವಿದ್ಯೆಯೂ ಅಲ್ಲಿ ಕೂಡಿದೆಯೆಂದು ತಿಳಿಯುವದು. ಕೊಡಗಿನ ಐರಿ ಜನರಲ್ಲಿ ಈ ಮೂರೂ ಕಸಬುಗಳು ಪರಂಪರೆಯಿಂದ ಇದ್ದವೆಂಬದು ಗಮನಿಸತಕ್ಕದ್ದು. ಉಡುಪಿನ ಸಂಗಡ ಕತ್ತಿ ಉಳಿಯಿತು. ಕತ್ತಿಯ ಸಂಗಡ ಅದನ್ನು ಸಿಂಗರಿಸುವ ಕೈಯೂ ಉಳಿಯಿತು.

ಹಾಗೆಂದು ನಮ್ಮ ಕಡೆಗೆ ಸಿಂಗರಿಸುವ ಕೈ ಸತ್ತೇ ಹೋಯಿತೆಂದು ತಿಳಿಯಬಾರದು. ಅದು ಬೇರೆ ಕಡೆಗೆ ತಿರುಗಿತು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರ ಮರದ ದೇವರು, ಗೊಂಬೆಗಳಿಗೆ ಬಣ್ಣವೇರುವದು. ಧಾರವಾಡ ಸೀಮೆಯ ಕಲಘಟಗಿಯ ತೊಟ್ಟಿಲುಗಳು ಅರಗಿನ ಬಣ್ಣಕ್ಕೆ ಹೆಸರಾಗಿರುವವು. ಎಲೆ ಅಡಿಕೆಯ ತಟ್ಟೆಯಲ್ಲಿರುವ ಅಡಕೊತ್ತುಗಳನ್ನಾದರೂ ನೋಡಿರಿ: ಗಿಳಿ, ಕುದುರೆ, ದಂಪತಿಗಳ ಆಕಾರವನ್ನು ತಾಳಿದ ಆ ಹಿತ್ತಾಳೆಯ ಸಾಧನವು ಅಲಗಿನ ವಸ್ತುವೇ ಆಗಿದ್ದರೂ ಯಾವ ಕಾಯದೆಯೂ ಅದನ್ನು ಮುಟ್ಟಲಿಲ್ಲ. ಗೃಹಸ್ಥನ ಅಲಂಕಾರಪ್ರೀತಿಯು ನಡುವಿನ ಸುರಿಗೆಯನ್ನು ಬಿಟ್ಟು ತಾಂಬೂಲದ ತಟ್ಟೆಯಲ್ಲಿ ಆಶ್ರಯ ಪಡೆಯಿತೆಂದು ಹೇಳಬಹುದು.

ಮಡಿಸುವ ಚಾಕುವಿನ ವಂಶವೃಕ್ಷವು ಬಹು ದೊಡ್ಡದು. ಆಸ್ಟ್ರಿಯಾದ ಹಾಲ್‌ಸ್ಟಾಟಿನಲ್ಲಿ ದೊರೆತ ಎಲುಬಿನ ಹಿಡಿಕೆಯ ಚಾಕುವು ಕ್ರಿಸ್ತಪೂರ್ವ 6ನೆಯ ಶತಮಾನದ ಸುಮಾರಿನದೆಂದು ಎಣಿಸಲ್ಪಟ್ಟಿದೆ. ಸ್ವಿತ್ಝರ್‌ಲಂಡಿನ ಸೈನಿಕರಿಗೆ 1891ರಲ್ಲಿ ಹಂಚಲಾದ ಮೊದಲಿನ ಚಾಕುವಿಗೆ ಕಪ್ಪು ಬಣ್ಣವೇರಿಸಿದ ಮರದ ಪಕ್ಕೆಗಳಿದ್ದವು. 1890ರಲ್ಲಿ ಫ್ರಾನ್ಸಿನ ಸವಾಯ್ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬವನು ಮಾಡಲಾರಂಭಿಸಿದ ರೈತರ ಚಾಕುವಿನ ಹಿಡಿಕೆ ಇಂದಿಗೂ ಬಹುತರ ಮರದ್ದೇ ಆಗಿದೆ. ಯುರೋಪ, ಅಮೇರಿಕೆಗಳಲ್ಲಿ ಹವ್ಯಾಸಿಗಳು ಮೊದಲು ಕೈಹಚ್ಚುವದು ಇಂಥ ಸಾದಾ ಚಾಕುಗಳಿಗೇ. ಕೆಟ್ಟರೆ ಹೆಚ್ಚಿನ ನಷ್ಟವಿಲ್ಲ, ಕಟ್ಟಡವೂ ಸರಳ. ದಂತ, ಜಿಂಕೆಯ ಕೊಂಬುಗಳಿಗೆ ಒಂದು ಕಾಲದಲ್ಲಿ ಇದ್ದ ಮರ್ಯಾದೆಯನ್ನು ಇಂದು ಮರವೇ ಪಡೆದಿದೆ; ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣೆಯ ಕಾಯದೆಯೂ ಅದರ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ಮುಚ್ಚಿಬಿಟ್ಟಿರುವವು.

ಮರವನ್ನು ಎಲ್ಲಿಂದ ತರಬೇಕು? ಬೀಟೆ, ಶ್ರೀಗಂಧಗಳ ಹೆಸರು ಎಲ್ಲರ ಬಾಯಿಗೂ ಮೊದಲು ಬರುವದು. ಆದರೆ ಇವು ಅರಣ್ಯ ಇಲಾಖೆಯ ಕಟ್ಟಿಗೆ ಒಳಪಟ್ಟವು; ಬೀಟೆಯ ವಂಶಕ್ಕೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧವೂ ಉಂಟು. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿ ಸಾರಲ್ಪಟ್ಟಿದ್ದರಿಂದ ಅಲ್ಲಿಯ ಕಡ್ಡಿಯನ್ನೂ ಮುಟ್ಟಬಾರದು. ಮುಟ್ಟಬೇಕಾದ ಅವಶ್ಯಕತೆಯಾದರೂ ಏನಿದೆ? ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಹಳ್ಳಿಗಳ ಹಿತ್ತಲುಗಳಲ್ಲಿ ಬಂಡಿಯ ಗುಂಬ, ಅರೆಕಾಲು, ನೊಗ, ಕೂರಿಗೆಯ ಬಟ್ಟಲು, ಕುಂಟೆಯ ದಿಂಡು, ಅಜ್ಜಿಯ ಒನಕೆ ಇವು ಬಿಸಿಲುಮಳೆಗೆ ಬಿದ್ದಿರುವವು. ಇಲ್ಲವೆ ಒಲೆಯ ಪಾಲಾಗುತ್ತಿರುವವು. ಇವುಗಳಲ್ಲಿ ಬಹಳಷ್ಟು ಎರೆಸೀಮೆಯ ಕರಿಜಾಲಿಯದು. ಹತ್ತಾರು ವರ್ಷ ದುಡಿದು ಒಣಗಿದ ಜಾಲಿಯ ಕೆಚ್ಚು ಕೆಂಪುಗಂದು ಬಣ್ಣದ್ದು, ಉಗುರಿಗೆ ಜಗ್ಗದ್ದು. ಅರದಿಂದ ತಿಕ್ಕಿ ಎಣ್ಣೆ ಹಚ್ಚಿದರೆ ಅದಕ್ಕೆ ಬರುವ ಕಾಂತಿಯು ಬೀಟೆಗೆ ತಲೆಬಾಗಿಸುವಂಥದಲ್ಲ. ಹಳೆಯ ಹುಣಿಸೆಯ ನಡುಗೆಚ್ಚು ಇನ್ನೂ ಕಪ್ಪು. ಬಾರಿಯ ಕಟ್ಟಿಗೆಯೂ ಹಿಡಿಕೆಗೆ ಒಳ್ಳೆಯದೇ. ಬೇವು ಹಗುರವಾದರೂ ಕಲಿಯುವವನ ಕೈಗೆ ಸರಿ.

ಕೆಲಸದ ರೀತಿಯನ್ನು ಸಂಕ್ಷೇಪವಾಗಿ ಹೇಳುವೆನು. ಮಡಿಸುವ ಚಾಕುವಿನಲ್ಲಿ ಅಲಗು, ಬೆನ್ನಿನ ಕಮಾನು, ಎರಡು ಒಳತಗಡು, ಅವುಗಳ ಮೇಲೆ ಎರಡು ಪಕ್ಕೆ ಇರುವವು. ಇವೆಲ್ಲವನ್ನೂ ಅಡ್ಡಮೊಳೆಗಳು ಬಿಗಿದಿರುವವು. ಹವ್ಯಾಸಿಯು ಪಕ್ಕೆಗಳನ್ನಷ್ಟೇ ಬಿಚ್ಚಿ, ಒಂದೇ ತುಂಡಿನಿಂದ ಸೀಳಿದ ಎರಡು ಮರದ ಹಲಗೆಗಳನ್ನು ಎಳೆಗಳು ಎದುರುಬದುರಾಗಿ ಹೊಂದುವಂತೆ ಕೂಡಿಸಿ, ಹಿತ್ತಾಳೆಯ ತಂತಿಯ ಮೊಳೆ ಹಾಕಿ ತಲೆಯನ್ನು ಮೆಲ್ಲಗೆ ಬಡಿಯುವನು. ಮೊಳೆಯನ್ನು ಬಡಿಯುವಾಗ ಅವಸರ ಮಾಡಿದವನ ಹಲಗೆ ಸೀಳುವದು ನಿಶ್ಚಯ. ನಮ್ಮ ಹವೆಯ ಗುಣವನ್ನೂ ಲಕ್ಷ್ಯದಲ್ಲಿಡಬೇಕು. ಗದಗಿನ ಚೈತ್ರ ವೈಶಾಖದ ಬಿಸಿಲಿಗೆ ಹಸಿಮರ ಕುಗ್ಗಿ ಮೊಳೆಯ ಸುತ್ತ ಸಂದು ಬಿಡುವದು. ಆದುದರಿಂದಲೇ ಹಳೆಯ ಬಂಡಿಯ ಮರಕ್ಕೆ ಇಷ್ಟು ಬೆಲೆ. ಕೊನೆಗೆ ಹಚ್ಚುವದಕ್ಕೆ ನಮ್ಮ ಹೊಲಗಳ ಅಗಸಿಯ ಎಣ್ಣೆಗಿಂತ ಉತ್ತಮವಾದದ್ದನ್ನು ಪರದೇಶದವರೂ ಹೆಚ್ಚಾಗಿ ಹೇಳುವದಿಲ್ಲ. ತೆಳ್ಳಗೆ ಹಚ್ಚಿ ಒಣಗಿಸಿ, ಮತ್ತೆ ಹಚ್ಚುತ್ತ ವಾರ ಎರಡು ವಾರ ತಾಳ್ಮೆಯಿಂದಿರಬೇಕು. ಎಣ್ಣೆಯ ಅರಿವೆಯನ್ನು ಮುದ್ದೆಮಾಡಿ ಬಿಸಾಡಬಾರದು. ಅದು ತಾನಾಗಿಯೇ ಹೊತ್ತಿಕೊಳ್ಳುವ ಭಯವುಂಟು.

ಕಾಯದೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1959ರ ಶಸ್ತ್ರಗಳ ಕಾಯದೆಯ ಕೆಳಗಿನ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚೂರಿಗಳನ್ನು ಶಸ್ತ್ರಗಳೆಂದು ಎಣಿಸುವವು. ಮನೆಗೆಲಸ, ಒಕ್ಕಲುತನಗಳ ಉಪಕರಣಗಳು ಅದರೊಳಗೆ ಬರುವದಿಲ್ಲ. ಕಿಸೆಯ ಚಾಕುವು ಈ ಅಳತೆಯ ಅರ್ಧಕ್ಕೂ ಮುಟ್ಟದು.

ಇಷ್ಟು ಬರೆದುದರ ಕಾರಣವಾದರೂ ಬೇರೆಯೇ ಇದೆ. ಈ ನಾಲ್ಕು ಊರುಗಳ ಹಳೆಯ ಮನೆಗಳಲ್ಲಿ, ಜಂತಿಯ ಸಂದಿನಲ್ಲಿಯೋ ಲೆಕ್ಕದ ಪೆಟ್ಟಿಗೆಯ ತಳದಲ್ಲಿಯೋ, ತುಕ್ಕು ತಿಂದ ಒಂದೆರಡು ಚಾಕುಗಳು ಇನ್ನೂ ಸಿಕ್ಕಾವು. ಅವುಗಳನ್ನು ತೂಕಕ್ಕೆ ಕೊಡುವ ಮುನ್ನ ಅಥವಾ ಹೊಸ ಹಿಡಿಕೆ ಹಾಕಿಸುವ ಮುನ್ನ, ಹಳೆಯ ಹಿಡಿಕೆಯನ್ನು ಸಾವಕಾಶವಾಗಿ ಪರೀಕ್ಷಿಸಬೇಕೆಂದು ವಾಚಕರಲ್ಲಿ ನನ್ನ ವಿನಂತಿ. ಮಡಿಸದ ಚಾಕುವಾದರೆ ಅದರ ಬಾಲವನ್ನು ಹೆಚ್ಚಾಗಿ ಅರಗಿನಿಂದ ಕೂಡಿಸಿರುವರು. ಅಲಗಿಗೆ ಒದ್ದೆಯ ಅರಿವೆ ಸುತ್ತಿ ಬಾಲದ ಬುಡವನ್ನು ಮಾತ್ರ ಮೆಲ್ಲಗೆ ಕಾಯಿಸಿದರೆ ಅದು ಸಡಿಲಾಗುವದು. ಹೊರಬಂದ ಅರಗಿನಲ್ಲಿ ಇಟ್ಟಿಗೆಯ ಪುಡಿ ಕೂಡಿದೆಯೇ, ಮರದೊಳಗೆ ತೂತು ಕೊರೆದದ್ದೋ ಕಾದ ಬಾಲದಿಂದ ಸುಟ್ಟು ಮಾಡಿದ್ದೋ, ಬಳೆ ಹಿತ್ತಾಳೆಯದೋ ಕಬ್ಬಿಣದ್ದೋ, ಮರದ ಮೇಲಿನ ಗೀರುಗಳು ತಿರುಗಣಿಯವೋ ಚಾಣದವೋ ಎಂಬದನ್ನು ಬರೆದಿಟ್ಟು, ಹಿಡಿಕೆಯ ಉದ್ದ ಸುತ್ತಳತೆಗಳನ್ನು ಒಂದು ದಾರದಿಂದ ಅಳೆದು ಕಾಗದದ ಮೇಲೆ ಗುರುತಿಸಿ, ಆಮೇಲೆ ಬೇಕಾದರೆ ಹೊಸ ಮರವನ್ನು ಕೂಡಿಸಬಹುದು.